ಮುಂದಿನ ಸೀಟಿನ ಮರ್ಯಾದೆ

ಈಚೆಗೆ ಯಳಂದೂರಿನ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಯಾವುದೋ ಇಲಾಖೆಯ ಹಳೆಯ ಜೀಪೊಂದು ಬಂದು ಪಕ್ಕದಲ್ಲೇ ನಿಂತಿತು. ಬಿಸಿಲಿಗೆ ಕಾದ ಕ್ಯಾನ್ವಾಸ್ ಹೊದಿಕೆಯ ವಾಸನೆ, ಅದರೊಳಗೆ ಬೆರೆತ ಪೆಟ್ರೋಲಿನ ಘಾಟು ಮೂಗಿಗೆ ಬಡಿಯಿತು. ನಲವತ್ತರ ಹತ್ತಿರ ಬಂದ, ಕಾಲೇಜಿನಲ್ಲಿ ಪಾಠ ಹೇಳುವ ಮನುಷ್ಯ ನಿಂತ ಜೀಪಿಗೆ ಹೆದರಿ ನಾಲ್ಕು ಹೆಜ್ಜೆ ಹಿಂದೆ ಸರಿದದ್ದನ್ನು ಸೋಡಾ ಅಂಗಡಿಯವನು ನೋಡಿ ನಕ್ಕ. ಅವನಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ವಿಶ್ವವಿದ್ಯಾನಿಲಯದಲ್ಲಿ ಸಂಶೋಧನಾ ವಿದ್ಯಾರ್ಥಿ. ಕಸುಬುಗಳ ಮಾತುಗಳನ್ನು ಕೂಡಿಹಾಕುವ ತಂಡ ನಮ್ಮದು. ಮಾಂಬಳ್ಳಿಯಲ್ಲಿ ನೇಗಿಲಿನ ಭಾಗಗಳಿಗೆ ಏನನ್ನುತ್ತಾರೆ, ಕೊಳ್ಳೇಗಾಲದಲ್ಲಿ ಮಗ್ಗದ ಭಾಗಗಳಿಗೆ ಏನನ್ನುತ್ತಾರೆ ಎಂದು ಕೇಳಿ, ಒಂದು ಚೀಟಿಗೆ ಒಂದು ಮಾತಿನಂತೆ ಬರೆದುಕೊಳ್ಳುವುದು. ಹೊಲದ ಬದುವಿನ ಮೇಲೆ ಕೂತ ಒಬ್ಬ ಮುದುಕ ನನ್ನನ್ನು ಕೇಳಿದ್ದ: "ಅಲ್ಲಾ ಸಾ, ನೇಗ್ಲು ಇಡಿಯಾಕ್ ಬರಾಕಿಲ್ಲ, ಅದ್ರ ಎಸ್ರು ಮಾತ್ರ ಬರ್ಕತೀರಾ?" ನನ್ನ ಪಾಂಡಿತ್ಯದ ಬಗ್ಗೆ ಅದಕ್ಕಿಂತ ನಿಜವಾದ ವಿಮರ್ಶೆ ಮುಂದೆ ಯಾರೂ ಬರೆಯಲಿಲ್ಲ.

ತಂಡದಲ್ಲಿ ನಾಲ್ವರು. ನಮ್ಮ ಗುರುಗಳು, ನಾನು, ಮಾಂಬಳ್ಳಿಯ ಜಮೀನ್ದಾರರ ಮನೆಯ ಶಿವಣ್ಣ, ಮತ್ತು ಸುಭದ್ರ. ಸುಭದ್ರ ಕೊಳ್ಳೇಗಾಲದ ರೇಷ್ಮೆ ನೇಯುವವರ ಮಗಳು. ಅವರ ಬೀದಿಯಿಂದ ಎಂ.ಎ. ಮಾಡಿದ ಮೊದಲ ಹುಡುಗಿ. ನಾವು ಮೂರು ದಿನ ಕೇಳಿದರೂ ಸಿಗದ ಮಾತು ಅವರಿಗೆ ಅಡುಗೆಮನೆಯಲ್ಲಿ ಕೂತು ಅರ್ಧ ಗಂಟೆಯಲ್ಲಿ ಸಿಗುತ್ತಿತ್ತು. ನಮಗೆ ಅದರ ಹೊಟ್ಟೆಕಿಚ್ಚು ಸ್ವಲ್ಪ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಜೀಪಿಗೆ ಬಾಗಿಲಿರಲಿಲ್ಲ. ಡ್ರೈವರಿನ ಪಕ್ಕ ಗುರುಗಳು, ಅವರ ಪಕ್ಕ ಅಂಚಿನಲ್ಲಿ ಸುಭದ್ರ, ಹಿಂದಿನ ಬೆಂಚುಗಳಲ್ಲಿ ನಾನು ಮತ್ತು ಶಿವಣ್ಣ. "ಹೆಣ್ಣುಮಗಳು, ಮರ್ಯಾದೆಯಾಗಿ ಮುಂದೆ ಕೂರಲಿ" ಎಂದು ಮೊದಲ ದಿನವೇ ಗುರುಗಳು ಕಟ್ಟಳೆ ಮಾಡಿದ್ದರು. "ಬಾಗಿಲಿಲ್ಲ, ಬಿದ್ದೀಯ ಮಗಳೇ" ಎಂದು ಎಡಗೈಯನ್ನು ಅವರ ಬೆನ್ನ ಹಿಂದಿನಿಂದ ಚಾಚಿ ಆಚೆಯ ಕಂಬಿ ಹಿಡಿಯುತ್ತಿದ್ದರು. ಆ ಕೈ ಕಂಬಿಯ ಮೇಲೇ ಇರುತ್ತಿರಲಿಲ್ಲ. ಹಿಂದೆ ಕೂತ ನಮಗೆ ಅದು ಕಾಣುತ್ತಿತ್ತು. ಕಂಡದ್ದನ್ನು ನಾನು ರಸ್ತೆಯ ಕುಲುಕಾಟದ ಮೇಲೆ ಹಾಕಿದೆ. ಶಿವಣ್ಣ ಅದನ್ನು ತಮಾಷೆ ಮಾಡಿಕೊಂಡ. "ಲೇ, ಮುಂದ್ಲ ಸೀಟು ಬೇಕು ಅಂದ್ರೆ ಸೀರೆ ಉಡ್ಬೇಕು ಕಣ್ಲಾ" ಎಂದು ನನ್ನ ಕಿವಿಯಲ್ಲಿ ಹೇಳಿದ. ನಾನು ನಕ್ಕೆ. ಸುಭದ್ರ ತಿರುಗಿ ನೋಡಿದರು. ನಾನು ತಕ್ಷಣ ಹೊರಗಿನ ಹುಣಸೆಮರ ನೋಡಿದೆ.

ನಾವು ಕೆಟ್ಟವರೆಂದು ನಮಗೆ ಅನ್ನಿಸಿರಲಿಲ್ಲ. ನಮ್ಮದೂ ಒಂದು ಗೌರವ ಇತ್ತು. ಊರೊಳಗೆ ಸುಭದ್ರ ಅವರಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದೆವು. ಹೋಟೆಲಿನಲ್ಲಿ ಬೇರೆ ಮೇಜು. ಕೆಲಸದ ಮಾತು ಬಿಟ್ಟು ಒಂದು ಮಾತೂ ಆಡುತ್ತಿರಲಿಲ್ಲ. ಪರ ಹೆಣ್ಣಿನ ಜೊತೆ ಹೇಗಿರಬೇಕೆಂದು ನಮ್ಮ ಮನೆಗಳಲ್ಲಿ ಕಲಿಸಿದ್ದು ಅಷ್ಟೇ: ದೂರ ಇರು. ನಾವು ಎಷ್ಟು ದೂರ ಇದ್ದೆವೋ ಅಷ್ಟೂ ಜಾಗ ಗುರುಗಳಿಗೆ ಸಿಕ್ಕಿತು.

ಹನೂರಿಗೆ ಹೊರಟ ಬೆಳಿಗ್ಗೆ, ಗುರುಗಳು ಇನ್ನೂ ನಾವು ಇಳಿದುಕೊಂಡಿದ್ದ ಯಳಂದೂರಿನ ಬಂಗಲೆಯೊಳಗಿದ್ದಾಗ, ಸುಭದ್ರ ನನ್ನ ಹತ್ತಿರ ಬಂದರು.

"ಇವತ್ತು ನಾನು ಹಿಂದೆ ಕೂರ್ತೀನಿ. ನೀವು ಮುಂದೆ ಕೂತ್ಕೊಳ್ಳಿ."

ನಾನು ಶಿವಣ್ಣನ ಮುಖ ನೋಡಿದೆ. ಹಿಂದಿನ ಬೆಂಚುಗಳು ಎದುರುಬದುರು; ಕುಲುಕಿದರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ದಾರಿಯುದ್ದಕ್ಕೂ ನೋಡಿದವರು ಏನಂದಾರು?

"ಅದು ಸರಿ ಕಾಣಲ್ಲ ಕಣ್ರಿ. ಗುರುಗಳು ನಿಮಗೆ ಅಂತ ಮುಂದಿನ ಸೀಟು ಕೊಟ್ಟಿದ್ದಾರೆ" ಎಂದೆ.

"ಸರಿ ಕಾಣೋದು ಯಾರಿಗೆ?" ಎಂದರು. ಒಂದು ಹೆಣ್ಣಿನ ಮಾನ ಕಾಪಾಡಿದೆ ಎಂಬ ಸಮಾಧಾನದಲ್ಲಿ ಜೀಪು ಹತ್ತಿದೆ. ಇಷ್ಟು ಮೂರ್ಖನಾಗಲು ಒಬ್ಬ ಮನುಷ್ಯ ಎಷ್ಟು ಓದಿರಬೇಕು ನೋಡಿ.

ಸಂಜೆ ಹಿಂತಿರುಗುವಾಗ ಕೊಳ್ಳೇಗಾಲ ದಾಟಿ ಕುಂತೂರಿನ ಕಡೆ ಕಬ್ಬಿನ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಜೀಪು ನಿಧಾನವಾಯಿತು. ಹಿಂದಿನಿಂದ ಬಸ್ಸೊಂದು ಹಾರ್ನ್ ಹೊಡೆಯುತ್ತ ಬರುತ್ತಿತ್ತು. ಗುರುಗಳ ಕೈ ಕಂಬಿಯಿಂದ ಜಾರಿತು. "ಕೈ ತೆಗೀರಿ ಸಾರ್" ಎಂದು ಸುಭದ್ರ ಹೇಳಿದ್ದು ಇಂಜಿನ್ನಿನ ಸದ್ದಿನಲ್ಲೂ ನನಗೆ ಕೇಳಿಸಿತು. ಎರಡನೆಯ ಸಲ ಇನ್ನೂ ಜೋರಾಗಿ ಹೇಳಿದರು. ಮೂರನೆಯ ಸಲ ಹೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು, ಹಾರಿಬಿಟ್ಟರು.

ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿರುವುದು ಆಮೇಲಿನದು. ಅವರು ಉರುಳಿ ಜೀಪಿನ ಹಿಂದಕ್ಕೆ ಬಂದರು. ಬಸ್ಸಿನ ಮುಂಭಾಗ ನನ್ನ ಕಣ್ಣಿನ ತುಂಬ ದೊಡ್ಡದಾಯಿತು. ಬ್ರೇಕಿನ ಕಿರುಚಾಟ, ಧೂಳು. ಧೂಳು ಇಳಿದಾಗ ಟೈರಿಗೂ ಅವರ ತಲೆಗೂ ನಡುವೆ ಒಂದು ಮೊಳ ಇತ್ತು. ಬಲ ಮುಂಗೈ ಮುರಿದು ತಿರುಚಿಕೊಂಡಿತ್ತು.

"ಅಯ್ಯೋ, ಬಿದ್ದಳಲ್ಲಪ್ಪಾ!" ಎಂದು ಗುರುಗಳು ಎಲ್ಲರಿಗಿಂತ ಮೊದಲು ಕೂಗಿದರು.

ಗಾಡಿಯಿಂದ ಧುಮುಕಿ ಓಡಿ ಬಂದ ಗಾಡಿಯವನು ತಲೆಯ ವಸ್ತ್ರ ಬಿಚ್ಚಿ ಅವರ ಕೈಗೆ ಸುತ್ತುತ್ತ, "ಬಿದ್ದಿಲ್ಲ ಕಣಪ್ಪೋ, ಆರುದ್ಲು ಆವಮ್ಮ. ನಾನೇ ಕಂಡಿವ್ನಿ. ಯಾಕವ್ವಾ, ಏನ್ ಕಷ್ಟ ಬತ್ತು ನಿಂಗೆ?" ಎಂದ. ಆ ಪ್ರಶ್ನೆ ಕೇಳಿದವನು ಅವನೊಬ್ಬನೇ. ಅವನ ಮಾತನ್ನು ಯಾರೂ ಚೀಟಿಯಲ್ಲಿ ಬರೆದುಕೊಳ್ಳಲಿಲ್ಲ.

ಆಸ್ಪತ್ರೆಗೆ ಸುಭದ್ರ ಅವರ ತಂದೆ ಬಂದರು. ಬೆರಳುಗಳಿಗೆ ಇನ್ನೂ ಬಣ್ಣ ಅಂಟಿತ್ತು. ಗುರುಗಳಿಗೆ ಕೈಮುಗಿದು ನನ್ನ ಕಡೆ ತಿರುಗಿದರು. "ನೀವು ಇಂದ್ಗಡೆನೇ ಕುಂತಿದ್ರಂತಲ್ಲ ಸಾ. ಏನಾಯ್ತು ಯೋಳಿ."

ಗುರುಗಳು ನನ್ನ ಪಕ್ಕದಲ್ಲೇ ಇದ್ದರು. ನನ್ನ ಪ್ರಬಂಧದ ಗತಿ ಅವರ ಕೈಯಲ್ಲಿತ್ತು. ಸುಭದ್ರ ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದರು.

"ಬಿದ್ದುಬಿಟ್ಟರು" ಎಂದೆ.

ಸುಭದ್ರ ಗೋಡೆಯ ಕಡೆ ತಿರುಗಿಕೊಂಡರು. ಮಾರನೆಯ ದಿನ ಗುರುಗಳು ಹೇಳಿ ಬರೆಸಿದ ಹೇಳಿಕೆಗೆ, "ಅಜಾಗರೂಕತೆಯಿಂದ ಬಿದ್ದು" ಎಂಬ ಮಾತಿನ ಕೆಳಗೆ, ಶಿವಣ್ಣನೂ ನಾನೂ ರುಜು ಹಾಕಿದೆವು. ಇನ್ನು ಮುಂದೆ ಹೆಣ್ಣುಮಕ್ಕಳನ್ನು ಅವರ ಕ್ಷೇಮಕ್ಕಾಗಿ ಕ್ಷೇತ್ರಕಾರ್ಯಕ್ಕೆ ಕರೆದೊಯ್ಯತಕ್ಕದ್ದಲ್ಲ ಎಂದು ವಿಭಾಗದಲ್ಲಿ ತೀರ್ಮಾನವಾಯಿತು. ಊರೂರು ಸುತ್ತದೆ ಈ ಸಂಶೋಧನೆ ಇಲ್ಲ. ಸುಭದ್ರ ಅವರ ಓದು ಅಲ್ಲಿಗೆ ನಿಂತಿತು. ಅವರ ಮಗ್ಗದ ಚೀಟಿಗಳನ್ನು ಗುರುಗಳು ನನಗೆ ಕೊಟ್ಟರು. ನನ್ನ ಪ್ರಬಂಧದಲ್ಲಿ ಪರೀಕ್ಷಕರು ಹೊಗಳಿದ ಅಧ್ಯಾಯ ಅದೇ. ಮುನ್ನುಡಿಯಲ್ಲಿ ಗುರುಗಳನ್ನು ಪಿತೃಸಮಾನರು ಎಂದು ನಾನೇ ಬರೆದಿದ್ದೇನೆ; ಪುಸ್ತಕ ಈಗಲೂ ಗ್ರಂಥಾಲಯದಲ್ಲಿದೆ.

ಯಳಂದೂರಿನಲ್ಲಿ ಆ ದಿನ ನಾನು ಹತ್ತಬೇಕಿದ್ದದ್ದು ಚಾಮರಾಜನಗರದ ಬಸ್ಸು. ಹತ್ತಿದ್ದು ಕೊಳ್ಳೇಗಾಲದ್ದು. ಸುಭದ್ರ ಅಲ್ಲೊಂದು ಶಾಲೆಯಲ್ಲಿ ಮೇಡಂ ಆಗಿದ್ದಾರೆ. ಜಗಲಿಯ ಮೇಲೆ ಕೂತು ಎಡಗೈಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ಬಲಗೈ ಪೂರ್ತಿ ಮಡಚುವುದಿಲ್ಲ.

ಬಂದ ಕಾರಣ ಹೇಳಿದೆ. ಕಂಡದ್ದನ್ನೆಲ್ಲ ವಿಶ್ವವಿದ್ಯಾನಿಲಯಕ್ಕೆ ಬರೆಯುತ್ತೇನೆ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

"ನಾನು ಬಿದ್ದೆ ಅಂತ ನಮ್ಮಪ್ಪ ಸಾಯೋವರ್ಗೂ ನಂಬಿದ್ರು. ಇಡ್ಕೊಂಡು ಕೂರಬಾರ್ದಾಗಿತ್ತಾ ಅಂತ ನನ್ನೇ ಬಯ್ಯೋರು. ನಾನು ಯೋಳಿದ್ರೆ, ಓದಿರೋ ಆ ಉಡುಗ ಸುಳ್ಳು ಯೋಳ್ತಾನಾ ಅನ್ನೋರು. ಈಗ ಬರೆದ್ರೆ ಯಾರಿಗ್ ಸಾರ್ ಉಪಯೋಗ?"

"ನನಗೆ" ಎಂದೆ. ಅಷ್ಟು ಮಾತ್ರ ನಿಜ ಹೇಳಿದೆ.

"ಅಂಗಾದ್ರೆ ಬರ್ಕೊಳ್ಳಿ. ಪಾಪ ಗೀಪ ಅಂತ ಬರೀಬೇಡಿ. ಆರುದ್ಲು ಅಂತ ಬರೀರಿ. ಅವತ್ತು ಆ ಜೀಪಲ್ಲಿ ಬುದ್ಧಿ ನೆಟ್ಟಗಿದ್ದೋಳು ನಾನೊಬ್ಳೇ."

ಬರೆದೆ. ರಿಜಿಸ್ಟರ್ ಮಾಡಿ ಕಳಿಸಿದೆ. ಗುರುಗಳು ಈಗ ದೊಡ್ಡ ಪದವಿಯಲ್ಲಿದ್ದಾರೆ. ಸ್ಟಾಫ್ ರೂಮಿಗೆ ಸುದ್ದಿ ಬಂದಿದೆ. ಇಬ್ಬರು ನನ್ನ ಪಕ್ಕದ ಕುರ್ಚಿ ಬಿಟ್ಟು ಆಚೆ ಕೂರುತ್ತಾರೆ. ವಿಶ್ವವಿದ್ಯಾನಿಲಯದಿಂದ ಉತ್ತರವಿಲ್ಲ. ಸುಭದ್ರ ಅವರಿಗೂ ಒಂದು ಪ್ರತಿ ಕಳಿಸಿದ್ದೆ. ಅದು ತಲುಪಿದ್ದಕ್ಕೆ ಅಂಚೆಯ ಕಾರ್ಡು ಇವತ್ತು ಬಂತು. ಎಡಗೈಯ ಸೊಟ್ಟ ರುಜು, ತಾರೀಖು. ಹಿಂದೆ ಮುಂದೆ ತಿರುಗಿಸಿ ನೋಡಿದೆ. ಬೇರೆ ಒಂದು ಅಕ್ಷರವೂ ಇರಲಿಲ್ಲ.