ನೋಲಾಳ ಮಡಿಲಲ್ಲಿ ಬಿಸ್ಕೆಟ್ ಡಬ್ಬಿ

ಎಲ್ಲಿ ನಿಲ್ಲಬೇಕೆಂದು ತಿಳಿದವರು ನಮ್ಮೂರಿನಲ್ಲಿ ಯಾರಾದರೂ ಇದ್ದರೆ ಅದು ನೋಲಾ ಟ್ರೆಂಬತ್ ಒಬ್ಬಳೇ ಎಂದು ಎಲ್ಲರೂ ನಂಬಿದ್ದರು. ನಂಬುವುದಕ್ಕೆ ಕಾರಣವೂ ಇತ್ತು. ಶಾಲೆಯ ಎದುರಿನ ರಸ್ತೆಯಲ್ಲಿ ದುಂಡನೆಯ ಫಲಕ ಹಿಡಿದು ಮಕ್ಕಳನ್ನು ದಾಟಿಸುವುದು ಅವಳ ಕೆಲಸವಾಗಿತ್ತು. ಕಬ್ಬಿನ ಟ್ರ್ಯಾಕ್ಟರಾಗಲಿ, ಪಾದ್ರಿಯ ಕಾರಾಗಲಿ, ಪೊಲೀಸರ ಜೀಪಾಗಲಿ, ಅವಳು ಫಲಕ ಎತ್ತಿದರೆ ನಿಲ್ಲಬೇಕು. ಒಮ್ಮೆ ಒಬ್ಬ ಹುಡುಗಿಯ ರಿಬ್ಬನ್ನು ರಸ್ತೆಯ ನಡುವೆ ಬಿತ್ತೆಂದು ಶವಯಾತ್ರೆಯ ಕಾರುಗಳ ಸಾಲನ್ನೇ ನಿಲ್ಲಿಸಿದ್ದಳು. ಸತ್ತವರಿಗೆ ಅವಸರವೇನಿದೆ ಎಂಬುದು ಅವಳ ವಾದ. ಸತ್ತವನ ಹೆಂಡತಿಯೂ ಎದುರಾಡಲಿಲ್ಲ.

ಆ ಕೆಲಸದಿಂದ ನಿವೃತ್ತಳಾದ ಮೇಲೆ ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನ ಹೆಂಗಸರು ಅವಳ ಕೈಗೆ ಡಬ್ಬಿ ಕೊಟ್ಟರು.

ತಿಂಗಳಿಗೊಮ್ಮೆ ಕ್ಲಬ್ಬಿನ ಬಸ್ಸು ಹೆಂಗಸರನ್ನು ಕರಾವಳಿಯ ಪಟ್ಟಣದ ಕ್ಯಾಸಿನೊಗೆ ಕರೆದೊಯ್ಯುತ್ತದೆ. ಬೆಳಿಗ್ಗೆ ಹೊರಟು, ಮಧ್ಯಾಹ್ನದ ಊಟ ಅಲ್ಲೇ ಮುಗಿಸಿ, ಬಿಸಿಲು ಇಳಿಯುವ ಮುಂಚೆ ವಾಪಸ್ಸು. ಹಿಂದೊಮ್ಮೆ ಮೇವಿಸ್ ಎಂಬಾಕೆ ಹೊಸ ಫ್ರಿಜ್ಜಿಗೆಂದು ಕೂಡಿಟ್ಟಿದ್ದನ್ನು ಅಲ್ಲಿ ಕಳೆದು ಬಂದು, ಬೇಸಿಗೆಯುದ್ದಕ್ಕೂ ಪಕ್ಕದ ಮನೆಯ ಫ್ರಿಜ್ಜಿನಲ್ಲಿ ಹಾಲಿಟ್ಟುಕೊಂಡಳು. ಅಂದಿನಿಂದ ಒಂದು ಪದ್ಧತಿ ಶುರುವಾಯಿತು. ಬಸ್ಸು ಊರಾಚೆಯ ಹೊಳೆಯ ಸೇತುವೆ ದಾಟುವಾಗ ಒಂದು ಬಿಸ್ಕೆಟ್ ಡಬ್ಬಿ ಸೀಟಿನಿಂದ ಸೀಟಿಗೆ ಹೋಗುತ್ತದೆ. ಎಲ್ಲರೂ ತಮ್ಮ ಬ್ಯಾಂಕ್ ಕಾರ್ಡನ್ನು ಅದರಲ್ಲಿ ಹಾಕಬೇಕು. ಪರ್ಸಿನಲ್ಲಿರುವ ನೋಟು ಮುಗಿಯಿತೆಂದರೆ ಆಟವೂ ಮುಗಿಯಿತು. ವಾಪಸ್ಸು ಬಸ್ಸು ಹತ್ತಿ ಕೂತ ಮೇಲೆಯೇ ಕಾರ್ಡು ಕೈಗೆ ಸಿಗುವುದು.

ನೋಲಾ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡೇ ಆಡುತ್ತಿದ್ದಳು. ಆಟ ಎಂದರೆ ಏನು, ಒಂದೇ ಬಗೆಯ ಚಿತ್ರಗಳು ಸಾಲಾಗಿ ಬಂದರೆ ದುಡ್ಡು ಕೊಡುವ ಮೆಷಿನ್ನುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದರ ಮುಂದೆ ಒಂದು ಕಪ್ ಚಹಾ ಇಟ್ಟುಕೊಂಡು, ಹೊಲಿಗೆ ಹಾಕುವವರ ಹಾಗೆ ನಿಧಾನವಾಗಿ ಗುಂಡಿ ಒತ್ತುವುದು. ಚಹಾ ಆರುವುದರೊಳಗೆ ಏಳಬೇಕು ಎಂಬುದು ಅವಳ ಸೂತ್ರ. ಎದ್ದೂ ಬಿಡುತ್ತಿದ್ದಳು. ಆಮೇಲೆ ಉಳಿದವರ ಬೆನ್ನ ಹಿಂದೆ ಬಂದು ನಿಂತು ಅದೇ ಸೂತ್ರವನ್ನು ಹೇಳುತ್ತಿದ್ದಳು. ಜೂಜಿನಲ್ಲಿ ಸೋತ ಹೆಂಗಸಿಗೆ ಸೋಲಿಗಿಂತ ಈ ಮಾತೇ ಹೆಚ್ಚು ಉರಿಯುತ್ತಿತ್ತು.

ನೋಲಾಳನ್ನು ಹೆಚ್ಚು ಕಾಡಿದವಳು ಒಟ್ಟಾವಿಯಾ. ಇಟಲಿಯಿಂದ ಕಬ್ಬು ಕಡಿಯಲು ಬಂದವರ ಮನೆಯ ಮಗಳು, ನೋಲಾಳ ಬೇಲಿಯಾಚೆಯ ಗೆಳತಿ. ಊಟಕ್ಕೆ ಮುಂಚೆಯೇ ಅವಳ ಪರ್ಸು ಖಾಲಿಯಾಗುತ್ತಿತ್ತು.

"ನೋಲಾ, ಕಾರ್ಡು ಒಂಚೂರು ಕೊಡೇ. ಕಣ್ಣಿಗೆ ಹಾಕೋ ಔಷಧಿ ತರ್ಬೇಕು."

"ನಿನ್ನ ಕಣ್ಣು ಚೆನ್ನಾಗೇ ಇದೆ. ಆ ಮೂಲೇಲಿರೋ ಮೆಷಿನ್ ಖಾಲಿಯಾಗಿದ್ದು ಇಲ್ಲಿಂದ್ಲೇ ಕಾಣಿಸ್ತಲ್ಲ."

"ಮೊಮ್ಮಗಳ ಹುಟ್ಟುಹಬ್ಬ ಕಣೇ."

"ಹೋದ ತಿಂಗ್ಳೂ ಅವಳದೇ ಹುಟ್ಟುಹಬ್ಬ ಇತ್ತು. ಪಾಪ, ಕೂಸಿಗೆ ಬೇಗ ಬೇಗ ವಯಸ್ಸಾಗ್ತಿದೆ."

"ನೀನು ಹೆಂಗಸಲ್ಲ, ಕಲ್ಲು."

"ಒಳ್ಳೇದೇ ಆಯ್ತು. ಕಲ್ಲಿಗೆ ಚಟ ಹತ್ತಲ್ಲ."

ಹೀಗೆ ವರ್ಷಗಳು ನಡೆದವು. ಒಟ್ಟಾವಿಯಾ ಕೇಳುವುದು, ನೋಲಾ ಇಲ್ಲವೆನ್ನುವುದು. ಆಮೇಲೆ ಇಬ್ಬರೂ ಸಮುದ್ರದ ಕಡೆಯ ಬೆಂಚಿನ ಮೇಲೆ ಕೂತು ಮನೆಯಿಂದ ತಂದ ಮೊಟ್ಟೆಯ ಸ್ಯಾಂಡ್‌ವಿಚ್ ತಿನ್ನುವುದು.

ಕಬ್ಬು ಅರೆಯುವ ಕಾಲ ಮುಗಿದು ಊರಿಗೆ ಊರೇ ಸಿಹಿ ಹೊಗೆ ವಾಸನೆಯಿಂದ ಬಿಡುಗಡೆಯಾಗಿದ್ದ ಒಂದು ತಿಂಗಳು ಇದೆಲ್ಲ ತಲೆಕೆಳಗಾಯಿತು. ನೋಲಾ ಎಂದಿನಂತೆ ಪೆಲಿಕನ್ ಹಕ್ಕಿಗಳ ಚಿತ್ರವಿದ್ದ ಮೆಷಿನ್ನಿನ ಮುಂದೆ ಕೂತಳು. ಚಹಾ ಇನ್ನೂ ಹಬೆಯಾಡುತ್ತಿತ್ತು. ಒಂದು ಪೆಲಿಕನ್ ಬಂದು ನಿಂತಿತು, ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕ ಮತ್ತೊಂದು. ಮೆಷಿನ್ನು ಗಂಟೆ ಬಾರಿಸಿ, ಹಾಡು ಹೇಳಿ, ತಲೆಯ ಮೇಲೆ ಬಣ್ಣದ ದೀಪ ತಿರುಗಿಸತೊಡಗಿತು. ಹೆಂಗಸರೆಲ್ಲ ಎದ್ದು ಬಂದರು.

"ಅಯ್ಯೋ, ನೋಲಾಗೆ ಬಿತ್ತು! ನಮ್ಮ ನೋಲಾಗೆ!"

"ಹೊಸ ಒಲೆ ಬರೋವಷ್ಟಿದೆ ನೋಡು."

"ಬರೀ ಒಲೆಯಾ? ಅದರ ಮುಂದೆ ನಿಂತು ಬೇಯಿಸೋ ಗಂಡಸೂ ಬರ್ತಾನೆ."

ನೋಲಾಳ ಕಿವಿ ಕೆಂಪಾಯಿತು. ವರ್ಷಗಟ್ಟಲೆ ರಸ್ತೆಯ ನಡುವೆ ನಿಂತವಳನ್ನು ಜನ ನೋಡಿದ್ದುಂಟು, ಆದರೆ ಯಾವಾಗ ಸರಿದಾಳು ಎಂದು ಕಾಯುತ್ತ ನೋಡಿದ್ದು. ತನ್ನನ್ನೇ ನೋಡಲು ಜನ ಓಡಿ ಬಂದದ್ದು ಅದೇ ಮೊದಲು.

"ಸರಿ, ಚಹಾ ಕುಡಿದು ಏಳೇ," ಎಂದಳು ಒಟ್ಟಾವಿಯಾ. "ನಿನ್ನ ಮಾತೇ ಅಲ್ವಾ ಅದು?"

"ಏಳ್ತೀನಿ. ಇನ್ನೊಂದು ಸಲ ಅಷ್ಟೆ."

ಕ್ಯಾಸಿನೊದೊಳಗೆ ಕಿಟಕಿಯಿಲ್ಲ. ಹೊರಗೆ ಸಮುದ್ರ ಏರುತ್ತಿದೆಯೋ ಇಳಿಯುತ್ತಿದೆಯೋ ಒಳಗಿದ್ದವರಿಗೆ ತಿಳಿಯದು. ಚಹಾದ ಮೇಲೆ ಕೆನೆ ಕಟ್ಟಿತು. ಊಟದ ಹೊತ್ತು ಬಂದು ಹೋಯಿತು. ಬೆಂಚಿನ ಮೇಲೆ ಒಟ್ಟಾವಿಯಾ ಒಬ್ಬಳೇ ಕೂತು ಎರಡು ಸ್ಯಾಂಡ್‌ವಿಚ್ಚಿನಲ್ಲಿ ಒಂದನ್ನು ತಿಂದು, ಇನ್ನೊಂದನ್ನು ಕಾಗದದಲ್ಲಿ ಸುತ್ತಿ ಒಳಗೆ ತಂದಳು. ಅಷ್ಟರಲ್ಲಿ ಪೆಲಿಕನ್ನುಗಳು ಕೊಟ್ಟದ್ದನ್ನೆಲ್ಲ ಹಿಂದಕ್ಕೆ ನುಂಗಿದ್ದವು. ಅದರ ಜೊತೆಗೆ ನೋಲಾ ಮನೆಯಿಂದ ತಂದಿದ್ದ ನೋಟೂ ಹೋಗಿತ್ತು.

ನೋಲಾ ಡಬ್ಬಿಯ ಮುಚ್ಚಳ ತೆಗೆದಿದ್ದಳು.

ಉಳಿದವರಿಗೆ ಮಾದರಿಯಾಗಲೆಂದು ಪ್ರತಿ ಸಲವೂ ಮೊದಲು ತನ್ನ ಕಾರ್ಡನ್ನೇ ಹಾಕುವುದು ಅವಳ ಅಭ್ಯಾಸ. ಆದ್ದರಿಂದ ಅದು ಎಲ್ಲರದಕ್ಕಿಂತ ಕೆಳಗಿತ್ತು. ಅದನ್ನು ಮುಟ್ಟಲು ಊರ ಹೆಂಗಸರ ಕಾರ್ಡುಗಳನ್ನೆಲ್ಲ ಒಂದೊಂದಾಗಿ ಎತ್ತಿ ಲಂಗದ ಮೇಲೆ ಹರಡಬೇಕಾಯಿತು. ಒಟ್ಟಾವಿಯಾ ಸ್ಯಾಂಡ್‌ವಿಚ್ ಹಿಡಿದು ನಿಂತಳು.

"ಏನೇ ಮಾಡ್ತಿದ್ದೀಯ?"

"ನನ್ನದು ಹುಡುಕ್ತಿದ್ದೀನಿ."

"ಹಂಗಾದ್ರೆ ನಂದೂ ಕೊಡು."

"ನಿಂದು ಕೊಡೋಕಾಗಲ್ಲ. ನಿಯಮ ನಿಯಮವೇ."

"ನಿಂದು ಮಾತ್ರ?"

"ನಂದು ಬೇರೆ ವಿಷಯ ಕಣೇ. ಈ ಮೆಷಿನ್ ಇನ್ನೇನು ಕೊಡೋದ್ರಲ್ಲಿದೆ. ಇಷ್ಟು ಹೊತ್ತು ನಾನೇ ತುಂಬಿಸಿ, ಈಗ ಎದ್ದು ಹೋದ್ರೆ ಬೇರೆ ಯಾರೋ ಬಂದು ಬಾಚ್ಕೊಂಡು ಹೋಗ್ತಾರೆ."

ಒಟ್ಟಾವಿಯಾಳಿಗೆ ನಗು ಬರಬೇಕಿತ್ತು. ಇದೇ ಮಾತನ್ನು ಅವಳೇ ಎಷ್ಟು ಸಲ ಹೇಳಿರಲಿಲ್ಲ! ಆದರೆ ನಗು ಬರಲಿಲ್ಲ. "ಹೆಂಗಸರು ನೋಡಿದ್ರೆ ಇನ್ಮೇಲೆ ಡಬ್ಬಿ ನಿನ್ನ ಕೈಗೆ ಕೊಡಲ್ಲ ಕಣೇ, ನೋಲಾ," ಎಂದಳು ಮೆಲ್ಲಗೆ.

"ನೋಡೋದ್ರೊಳಗೆ ಬಂದ್ಬಿಡ್ತೀನಿ."

ದುಡ್ಡು ತೆಗೆಯುವ ಯಂತ್ರವಿರುವುದು ಆಟದ ಕೋಣೆಯ ಹೊರಗೆ, ಮೀನಿನ ತೊಟ್ಟಿಯ ಪಕ್ಕದಲ್ಲಿ. ಎದ್ದು ಹೋಗುವವರು ತಮ್ಮ ಕುರ್ಚಿಯ ಮೇಲೆ ಏನಾದರೊಂದನ್ನು ಇಟ್ಟು ಹೋಗುವುದು ನಮ್ಮವರ ರೂಢಿ. ಸ್ವೆಟರೋ, ಟೋಪಿಯೋ, ಕನ್ನಡಕದ ಪೆಟ್ಟಿಗೆಯೋ ಸಾಕು. ಅಂಥ ಕುರ್ಚಿಯಲ್ಲಿ ಕಟ್ಟಡಕ್ಕೆ ಬೆಂಕಿ ಬಿದ್ದರೂ ಯಾರೂ ಕೂರುವುದಿಲ್ಲ. ಅವಸರದಲ್ಲಿದ್ದ ನೋಲಾ ಕಾರ್ಡುಗಳನ್ನು ಡಬ್ಬಿಗೆ ತುಂಬಿ, ಕೈಗೆ ಸಿಕ್ಕಿದ್ದನ್ನು ಕುರ್ಚಿಯ ಮೇಲಿಟ್ಟು, ತನ್ನ ಕಾರ್ಡು ಹಿಡಿದು ಹೊರಟುಬಿಟ್ಟಳು.

ಯಂತ್ರದ ಮುಂದೆ ಇಬ್ಬರಿದ್ದರು. ಮೊದಲಿನವನು ತನ್ನ ಕಾರ್ಡಿನ ಗುಪ್ತ ಸಂಖ್ಯೆ ಮರೆತು ಹೆಂಡತಿಗೆ ಫೋನು ಮಾಡುತ್ತಿದ್ದ. ಹೆಂಡತಿ ಸಂಖ್ಯೆ ಹೇಳುವ ಮುಂಚೆ ಅವನು ಎಲ್ಲಿದ್ದಾನೆಂದು ಕೇಳುತ್ತಿದ್ದಳು. ನೋಲಾ ನಿಂತಲ್ಲೇ ಕಾಲು ಬದಲಿಸಿದಳು. ಕಾಯುವಾಗ ಡಬ್ಬಿಯ ಮುಚ್ಚಳದ ಮೇಲೆ ಬೆರಳಾಡಿಸುವುದು ಅವಳ ಅಭ್ಯಾಸ. ಬೆರಳು ಮುಚ್ಚಳವನ್ನು ಹುಡುಕಿತು. ಅಲ್ಲಿ ಲಂಗದ ಬಟ್ಟೆ ಮಾತ್ರ ಇತ್ತು.

ಡಬ್ಬಿ ಎಲ್ಲಿದೆ ಎಂದು ನೆನಪಾಯಿತು. ಅದರ ಪಕ್ಕದಲ್ಲಿ ಯಾರಿದ್ದಾರೆ ಎಂಬುದೂ.

ಮೊಣಕಾಲು ನೋವಿನ ಹೆಂಗಸು ರತ್ನಗಂಬಳಿ ಹಾಸಿದ ಆ ಉದ್ದನೆಯ ಕೋಣೆಯಲ್ಲಿ ಓಡಿದ್ದನ್ನು ಪಾನೀಯದ ಕೌಂಟರಿನವರು ಇವತ್ತಿಗೂ ಹೇಳುತ್ತಾರೆ. ಪೆಲಿಕನ್ ಮೆಷಿನ್ನಿನ ಮುಂದೆ ಒಟ್ಟಾವಿಯಾ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈಯಲ್ಲಿ ಮುಚ್ಚಳ ಒತ್ತಿ ಹಿಡಿದು ಕೂತಿದ್ದಳು. ಹಣೆಯ ಮೇಲೆ ಬೆವರಿತ್ತು.

"ತಗೊಂಡ್ಯಾ?" ನೋಲಾ ಏದುಸಿರು ಬಿಟ್ಟಳು.

"ಇಲ್ಲ ಕಣೇ. ಇಷ್ಟು ವರ್ಷ ನೀನು ಕೊಡಲ್ಲ ಅನ್ನೋ ಧೈರ್ಯದ ಮೇಲೆ ಕೇಳ್ತಿದ್ದೆ. ಈಗ ಇಲ್ಲ ಅನ್ನೋರೇ ಇಲ್ಲ. ಹಾಳಾದವಳೇ, ಬೇಗ ಹಿಡ್ಕೋ ಇದನ್ನ!"

ನೋಲಾ ಡಬ್ಬಿಯನ್ನು ಎದೆಗವಚಿಕೊಂಡಳು. ಕಾರ್ಡನ್ನು ಅದರೊಳಗೆ ಹಾಕಿದಳು. ಒಟ್ಟಾವಿಯಾ ಏಳುತ್ತಲೇ, ನೋಲಾ ಮೆಷಿನ್ನಿನಿಂದ ಕಣ್ಣು ಕೀಳುವ ಮುಂಚೆ ಗುಲಾಬಿ ಅಂಗಿಯ ಗಂಡಸೊಬ್ಬ ಬಂದು ಅದೇ ಕುರ್ಚಿಯಲ್ಲಿ ಕೂತ. ಅವನಿಗೇನು ಬಿತ್ತೆಂದು ನೋಡಲು ನೋಲಾ ಒಂದು ಹೆಜ್ಜೆ ಮುಂದಿಟ್ಟಳು. ಒಟ್ಟಾವಿಯಾ ಅವಳ ತೋಳು ಹಿಡಿದು ಹೊರಗೆ ಎಳೆದೊಯ್ದು, ಸುತ್ತಿಟ್ಟುಕೊಂಡಿದ್ದ ಸ್ಯಾಂಡ್‌ವಿಚ್ಚನ್ನು ಕೈಗೆ ಕೊಟ್ಟಳು.

ಬಸ್ಸು ಹೊರಡುವ ಮುಂಚೆ ನೋಲಾ ಸೀಟುಗಳ ನಡುವೆ ಎದ್ದು ನಿಂತಳು. ಒಟ್ಟಾವಿಯಾ ಅವಳ ಲಂಗ ಹಿಡಿದು ಎಳೆದಳು. "ಕೂತ್ಕೋ. ಯಾರೂ ನೋಡಿಲ್ಲ."

ನೋಲಾ ಕೂರಲಿಲ್ಲ. ಡಬ್ಬಿ ತೆರೆದದ್ದನ್ನು, ಎಲ್ಲರ ಕಾರ್ಡುಗಳನ್ನು ಕುರ್ಚಿಯ ಮೇಲೆ ಬಿಟ್ಟು ಹೋದದ್ದನ್ನು ಹೇಳಿದಳು. ಮುಂದಿನ ತಿಂಗಳಿಂದ ಬೇರೆ ಯಾರಾದರೂ ಡಬ್ಬಿ ಹಿಡಿಯಲಿ ಎಂದಳು.

ಮೇವಿಸ್ ಕೇಳಿದಳು. "ದುಡ್ಡು ತೆಗೆದ್ಯಾ?"

"ಇಲ್ಲ. ಮುಂದೆ ಇಬ್ಬರಿದ್ರು."

"ಇರದಿದ್ರೆ?"

"ತೆಗೀತಿದ್ದೆ," ಎಂದಳು ನೋಲಾ.

ಮೇವಿಸ್ ಬಗ್ಗಿ ತನ್ನ ಬೂಟು ಬಿಚ್ಚಿದಳು. ಒಳಗಿನಿಂದ ಇನ್ನೊಂದು ಕಾರ್ಡು ತೆಗೆದು ಎತ್ತಿ ಹಿಡಿದಳು. "ಇದು ನಂದು. ಎರಡನೇದು. ನಿನಗೆ ಹೇಳೋಕೆ ಭಯ ಆಗ್ತಿತ್ತು. ನೀನು ಯಾವತ್ತೂ ತಪ್ಪು ಮಾಡೋಳಲ್ಲ ನೋಡು."

ಹಿಂದಿನ ಸೀಟಿನಿಂದ ಒಬ್ಬಳು ಕೆಮ್ಮಿ, ಟೋಪಿಯ ಪಟ್ಟಿಯೊಳಗಿಂದ ಒಂದನ್ನು ತೆಗೆದಳು. ಮತ್ತೊಬ್ಬಳದು ಕನ್ನಡಕದ ಪೆಟ್ಟಿಗೆಯಲ್ಲಿತ್ತು. ಇನ್ನೊಬ್ಬಳದು ಪ್ರಾರ್ಥನೆಯ ಪುಸ್ತಕದಲ್ಲಿ. ಎರಡನೆಯ ಕಾರ್ಡು ಇಲ್ಲದವಳು ಒಟ್ಟಾವಿಯಾ ಒಬ್ಬಳೇ. ಅವಳು ಬಾಯಿ ತೆರೆದು ಒಬ್ಬೊಬ್ಬರನ್ನೇ ನೋಡುತ್ತಿದ್ದಳು.

"ಇಷ್ಟು ವರ್ಷ ನಾನೊಬ್ಬಳೇ ಭಿಕ್ಷೆ ಬೇಡಿದ್ನಾ? ಕಳ್ಳಿಯರಾ!"

ನೋಲಾಳ ಮುಖದಲ್ಲಿದ್ದ ನಾಚಿಕೆ ಕ್ಷಣಕ್ಕೇ ಇಳಿದುಹೋಯಿತು. ಅವಳು ಬೈಯಲು ಶುರುಮಾಡಿದಳು. ಹೊಳೆ ಬಂತು, ಸೇತುವೆ ಹೋಯಿತು, ಸಕ್ಕರೆ ಕಾರ್ಖಾನೆಯ ಚಿಮಣಿ ಕಂಡಿತು. ಬೈಗುಳ ಮುಗಿಯಲಿಲ್ಲ. ಡ್ರೈವರ್ ಕ್ಲಾರಿ ಅವಳ ಮನೆಯ ಮುಂದೆ ಬಸ್ಸು ನಿಲ್ಲಿಸಿ, "ಇಳೀರಮ್ಮ, ಉಳಿದಿದ್ದು ಮುಂದಿನ ತಿಂಗಳಿಗಿರಲಿ," ಎಂದು ಕೈಮುಗಿಯುವುದೊಂದು ಬಾಕಿ. ಹೆಂಗಸರೆಲ್ಲ ತಲೆ ತಗ್ಗಿಸಿ, ಬಹಳ ದಿನಗಳ ಮೇಲೆ ನೆಮ್ಮದಿಯಾದವರ ಹಾಗೆ ಕೇಳಿಸಿಕೊಳ್ಳುತ್ತಿದ್ದರು.

ಮುಂದಿನ ತಿಂಗಳು ನೋಲಾ ಬಸ್ಸು ಹತ್ತಿ ಕಿಟಕಿಯ ಪಕ್ಕ ಸುಮ್ಮನೆ ಕೂತಳು. ಡಬ್ಬಿ ಮೇವಿಸ್‌ಳ ಹತ್ತಿರವಿತ್ತು. ಮೇವಿಸ್ ಅದನ್ನು ಯಾರನ್ನೂ ಕೇಳದೆ ತಂದು ನೋಲಾಳ ಮಡಿಲಲ್ಲಿಟ್ಟಳು. ಎಂದಿನಂತೆ ತನ್ನ ಕಾರ್ಡನ್ನು ಮೊದಲು ಹಾಕಲು ನೋಲಾ ಕೈ ನೀಡಿದಾಗ ಒಟ್ಟಾವಿಯಾ ಅದನ್ನು ನಡುವೆಯೇ ಕಿತ್ತುಕೊಂಡಳು.

"ಇದು ನನ್ನ ಹತ್ರ ಇರುತ್ತೆ."

"ನಿನ್ನ ಹತ್ರಾನಾ?"

"ಯಾಕೆ, ನಂಬಿಕೆ ಇಲ್ವಾ?" ಎಂದು ಒಟ್ಟಾವಿಯಾ ಕಾರ್ಡನ್ನು ರವಿಕೆಯೊಳಗೆ ಇಳಿಸಿ ಗುಂಡಿ ಹಾಕಿದಳು. "ಅಲ್ಲಿಗೆ ಕೈ ಹಾಕಿದೋನು ನನ್ನ ಗಂಡ ಒಬ್ನೇ. ಅವನೂ ಕೇಳ್ಕೊಂಡೇ ಹಾಕ್ತಿದ್ದ."

ಬಸ್ಸು ಸೇತುವೆ ಹತ್ತಿತು. ಕೆಳಗೆ ಹೊಳೆ ಕಂದು ಬಣ್ಣಕ್ಕೆ ತಿರುಗಿ, ಅವಸರವಿಲ್ಲದೆ ಹರಿಯುತ್ತಿತ್ತು. ಡಬ್ಬಿ ಸೀಟಿನಿಂದ ಸೀಟಿಗೆ ಹೋಯಿತು. ಬೂಟುಗಳು ಬಿಚ್ಚಿಕೊಂಡವು, ಟೋಪಿಗಳು ಕೆಳಗಿಳಿದವು. ತಿರುಗಿ ನೋಲಾಳ ಕೈಗೆ ಬಂದಾಗ ಅದರ ಮುಚ್ಚಳ ಕೂರುತ್ತಿರಲಿಲ್ಲ.