ಬಿಚ್ಚಬಾರದ ಪಟ್ಟಿ

ಜೀಪಿನ ಮೆಟ್ಟಿಲು ತಗುಲಿ ನನ್ನ ಬಲಗಾಲಲ್ಲಿ, ಹಿಮ್ಮಡಿಗಿಂತ ಸ್ವಲ್ಪ ಮೇಲೆ ಒಂಚೂರು ಚರ್ಮ ಕಿತ್ತುಹೋಗಿತ್ತು, ಅಷ್ಟೇ. ಮಸಿನಗುಡಿಯಲ್ಲಿ ಜೀಪು ಓಡಿಸೋನಿಗೆ ಅದೊಂದು ಗಾಯವೇ ಅಲ್ಲ. ಆದರೆ ಆ ಹಾಳು ಗಾಯ ಮಳೆಗಾಲ ಕಳೆದು ಚಳಿ ಬಂದರೂ ಮಾಯಲಿಲ್ಲ. ಕಾಸಗಲ ಇದ್ದದ್ದು ಅಂಗೈಯಗಲ ಆಯಿತು. ಸುತ್ತಲಿನ ಚರ್ಮ ಕಪ್ಪಾಯಿತು, ಪಾದ ಊದಿತು.

ನಮ್ಮ ಸ್ಟ್ಯಾಂಡಿನಲ್ಲೇ ಜೀಪು ಓಡಿಸುತ್ತಿದ್ದ ಹಿರಿಯರೊಬ್ಬರಿಗೆ ಇಂಥದ್ದೇ ಹುಣ್ಣಾಗಿ ಕಾಲು ತೆಗೆದಿದ್ದರು. ಈಗ ಅವರು ಟೀ ಅಂಗಡಿ ಬೆಂಚಲ್ಲಿ ಕೂತು ಹೋಗೋ ಬರೋ ಜೀಪು ನೋಡುತ್ತಾರೆ. ಅವರನ್ನು ಕಂಡರೆ ನನ್ನ ಎದೆ ಝಲ್ ಅನ್ನೋದು. ಬಲಗಾಲು ಹೋದರೆ ಬ್ರೇಕು ಯಾರು ತುಳೀತಾರೆ? ಆ ಹೆದರಿಕೆಗೇ ದಿನಾ ಬೆಳಿಗ್ಗೆ ಅಂಟಿದ ಬಟ್ಟೆ ಕಿತ್ತು, ಬಿಸಿನೀರು ಸುರಿದು, ರಕ್ತ ಬರೋ ತನಕ ಉಜ್ಜುತ್ತಿದ್ದೆ. ಆಮೇಲೆ ಬಿಸಿಲಿಗೆ ಚಾಚಿ ಒಣಗಿಸುತ್ತಿದ್ದೆ. ಹೆಂಡತಿ ಬೇಡ ಅಂದರೆ ಅವಳ ಮೇಲೆ ಹಾರಾಡುತ್ತಿದ್ದೆ.

ಕೊನೆಗೆ ಅವಳೇ ಹಠ ಹಿಡಿದು ಬಸ್ಸು ಹತ್ತಿಸಿ ಊಟಿಗೆ ಕರಕೊಂಡು ಹೋದಳು. ಕಲ್ಲಟ್ಟಿ ಘಾಟಿಯ ತಿರುವುಗಳುದ್ದಕ್ಕೂ ಬಲಗಾಲಲ್ಲಿ ಇಲ್ಲದ ಬ್ರೇಕು ತುಳೀತಾ ಕೂತಿದ್ದೆ. ಇವತ್ತು ಕಾಲು ಕುಯ್ದೇ ಬಿಡ್ತಾರೆ ಅಂದುಕೊಂಡಿದ್ದೆ.

ಡಾಕ್ಟರಮ್ಮ ರಕ್ತದ ಓಡಾಟವನ್ನೆಲ್ಲ ಪರೀಕ್ಷೆ ಮಾಡಿ, ರಕ್ತನಾಳ ಸೋತು ರಕ್ತ ಕಾಲಲ್ಲೇ ನಿಲ್ಲುತ್ತಿದೆ, ಕೀಟಾಣು ಹೆಚ್ಚೇನಿಲ್ಲ ಅಂದರು. ಹಾಗಾದರೆ ಯಾಕೆ ಮಾಯ್ತಿಲ್ಲ ಅಂತ ರೇಗಿದೆ. ಅವರು ಸಿಟ್ಟಾಗದೆ, ನಿಮ್ಮೂರಲ್ಲಿ ಹೊಲಕ್ಕೆ ಆನೆ ನುಗ್ಗಿದರೆ ಏನು ಮಾಡ್ತೀರಿ ಅಂತ ಕೇಳಿದರು. ಎಲ್ಲರೂ ಓಡಿಬಂದು ಪಟಾಕಿ ಹೊಡೆದು ಓಡಿಸ್ತೀವಿ ಅಂದೆ. ಆನೆ ಹೋದ ಮೇಲೂ ಜನ ಹೊಲದಲ್ಲೇ ತುಳಿದಾಡುತ್ತಿದ್ದರೆ ಬೆಳೆ ಏನಾಗಬೇಕು ಅಂದರು. ಗಾಯಕ್ಕೆ ಓಡಿಬರೋದು ರಕ್ತದ ಬಿಳಿ ಕಣಗಳಂತೆ. ಕೀಟಾಣು ಕೊಂದ ಮೇಲೆ ಅವು ತಣ್ಣಗಾಗಿ, ಇನ್ನು ನೀವು ಬೆಳೀರಿ ಅಂತ ಮಾಂಸ, ಚರ್ಮದ ಜೀವಕೋಶಗಳಿಗೆ ಸೂಚನೆ ಕೊಡಬೇಕಂತೆ. ನನ್ನ ಕಾಲಲ್ಲಿ ಅದು ಆಗಿಲ್ಲ. ನೊಂದ ಜೀವಕೋಶಗಳು ಕರೀತಾನೇ ಇವೆ, ಬಿಳಿ ಕಣಗಳು ಬರ್ತಾನೇ ಇವೆ, ಬಂದವು ಹೊಸ ಮಾಂಸವನ್ನೂ ಕರಗಿಸ್ತಿವೆ. ಅದರಿಂದ ನೊಂದು ಆ ಜೀವಕೋಶಗಳು ಮತ್ತೆ ಕರೀತವೆ.

"ದಿನಾ ಉಜ್ಜಿ ಉಜ್ಜಿ, ಇಲ್ಲದ ಆನೆ ಬಂತು ಅಂತ ನೀವೇ ಕೂಗಿಸ್ತಿದ್ದೀರಿ," ಅಂದರು.

ನಿಂತ ರಕ್ತ ಮೇಲೇರಲಿ ಅಂತ ಕಾಲ್ಬೆರಳ ಬುಡದಿಂದ ಮಂಡಿ ತನಕ ಬಿಗಿಯಾಗಿ ಪಟ್ಟಿ ಸುತ್ತಿದರು. ಬೆರಳು ನೀಲಿಯಾದರೆ ತಕ್ಷಣ ಬನ್ನಿ, ಇಲ್ಲದಿದ್ದರೆ ಒಂದು ವಾರ ಮುಟ್ಟಲೇಬಾರದು ಅಂದರು.

ಅಯ್ಯಪ್ಪಾ, ಆ ವಾರ! ಒಳಗೆ ಏನೋ ಹರಿದಾಡಿದ ಹಾಗೆ ತುರಿಕೆ. ಕೊಳೀತಿದೆ, ಹುಳ ಬಿದ್ದಿದೆ ಅಂತಲೇ ಅನ್ನಿಸೋದು. ಕತ್ತರಿ ಹುಡುಕಿದೆ. ಹೆಂಡತಿ ಕತ್ತರಿ, ಬ್ಲೇಡು, ಕುಡುಗೋಲು ಎಲ್ಲ ಬಚ್ಚಿಟ್ಟಿದ್ದಳು. ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ಅವಳೆದುರೇ ಅತ್ತುಬಿಟ್ಟೆ.

ಬಿಚ್ಚೋ ದಿನ ಆಸ್ಪತ್ರೆಯಲ್ಲಿ ಗೋಡೆ ಕಡೆ ಮುಖ ತಿರುಗಿಸಿದೆ. ನರ್ಸಮ್ಮ ಪಟ್ಟಿ ಬಿಚ್ಚಿದ ಹಾಗೆಲ್ಲ ನಾತ ಬಂತು. ಕಾಲು ಹೋಯಿತು ಅಂದುಕೊಂಡೆ.

"ಅಂಚು ನೋಡಿ," ಅಂದಳು ಹೆಂಡತಿ ಕೊನೆಗೆ. ಭುಜ ಹಿಡಿದು ನನ್ನನ್ನು ಈಚೆ ತಿರುಗಿಸಿದಳು.

ಹುಣ್ಣಿನ ಸುತ್ತ ದಾರದಷ್ಟೇ ತೆಳ್ಳಗೆ, ಗುಲಾಬಿ ಬಣ್ಣದ ಹೊಸ ಚರ್ಮ. ಒಮ್ಮೆ ಒರೆಸಿದರೆ ಹೋಗಿಬಿಡೋ ಹಾಗಿತ್ತು. ಡಾಕ್ಟರಮ್ಮ ಮತ್ತೆ ಪಟ್ಟಿ ಸುತ್ತಿಸಿ, ಇನ್ನೊಂದು ವಾರ ಅಂದರು.

ಮೊದಲಿಗಿಂತ ಹೆಚ್ಚು ಭಯ ಹತ್ತಿದ್ದು ಆಗಲೇ, ನನ್ನ ಕೈಯೇ ಆ ಹೊಸ ಚರ್ಮ ಕಿತ್ತುಬಿಟ್ಟರೆ ಅಂತ. ಬಸ್ಸಲ್ಲಿ ಕೂತ ಕೂಡಲೇ ನನ್ನ ಎರಡೂ ಕೈ ಹೆಂಡತಿ ಮಡಿಲಲ್ಲಿಟ್ಟು, ಊರು ಬರೋ ತನಕ ಬಿಡಬೇಡ, ಗಟ್ಟಿಯಾಗಿ ಹಿಡ್ಕೊಂಡಿರು ಅಂದೆ.