ಕಲ್ಲಪ್ಪನವರ ಚಕ್ರ ನಿಲ್ಲುವವರೆಗೆ

ಗರಗಸದ ಹಲ್ಲಿನ ಪಕ್ಕದಲ್ಲಿ ಸಿಕ್ಕಿಕೊಂಡಿದ್ದ ಮರದ ಚೂರನ್ನು ತೆಗೆಯಲು ನಸೀಮಾ ಕೈ ಹಾಕಿದಳು. ಇನ್ನೊಬ್ಬರ ಕೈ ನಡುವೆ ಬಂದು ಅವಳ ಮುಂಗೈಯನ್ನು ಆಚೆಗೆ ತಳ್ಳಿತು.

"ಮೋಟಾರ್ ಆಫ್ ಮಾಡೀನ್ರಿ ಸರ್!"

"ಮೋಟಾರಿಗೆ ಹೇಳಿದಿ, ಚಕ್ರಕ್ಕೆ ಯಾರು ಹೇಳ್ಯಾರ?" ಎನ್ನುತ್ತ ಕಲ್ಲಪ್ಪನವರು ತಮ್ಮ ಹೆಬ್ಬೆರಳಿಗೆ ಕರ್ಚೀಫು ಸುತ್ತಿಕೊಂಡರು. ಕರ್ಚೀಫು ಕೆಂಪಾಗುತ್ತಿತ್ತು.

ಇದು ಹದಿನೆಂಟು ವರ್ಷದ ಹಿಂದಿನ ಮಾತು. ಹರಿಹರದ ಮರಗೆಲಸ ತರಬೇತಿ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಕಲಿಸಿ ಈಗ ನಿವೃತ್ತರಾದ ಶ್ರೀ ಕಲ್ಲಪ್ಪನವರು, ಈ ಸೀಮೆಯ ಬಡಗಿಗಳಿಗೆ ಬ್ಯಾಂಡ್‌ಸಾ ಯಂತ್ರದ ಭಯವನ್ನೂ ಪ್ರೀತಿಯನ್ನೂ ಒಟ್ಟಿಗೇ ಕಲಿಸಿದವರು. ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡರ ಸುತ್ತ ಬಿಗಿದ ಕೊನೆಯಿಲ್ಲದ ಗರಗಸದ ಪಟ್ಟಿ; ಮೋಟಾರ್ ಆರಿಸಿದ ಮೇಲೂ ಕೆಲಹೊತ್ತು ಸುತ್ತುತ್ತಲೇ ಇರುತ್ತದೆ. ಹಲ್ಲುಗಳು ಕೆಳಮುಖವಾದ್ದರಿಂದ ಮರವನ್ನು ಮೇಜಿಗೇ ಒತ್ತಿ ಕೊಯ್ಯುತ್ತದೆ. ದಿಮ್ಮಿ ಸೀಳಲು ಅಗಲ ಪಟ್ಟಿ, ಕುರ್ಚಿ ಕಾಲಿನ ಬಳುಕಿಗೆ ಕಿರಿದು. ಪಟ್ಟಿಯ ಬಿಗುವನ್ನು ಅವರು ಉಗುರಿನಿಂದ ಮೀಟಿ, ಕಿವಿಯಿಂದಲೇ ಅಳೆಯುತ್ತಿದ್ದರು. ಜೋಲಾಡುವುದು ಯಾವುದೂ ಕಾರ್ಯಾಗಾರದ ಒಳಗೆ ಬರಕೂಡದು ಎಂಬುದು ಅವರ ಕಟ್ಟಳೆ. ನಸೀಮಾಳ ದುಪಟ್ಟಾ ಮೊದಲ ದಿನವೇ ಬಾಗಿಲ ಬಳಿಯ ಮೊಳೆಗೆ ನೇತುಬಿತ್ತು. ಯಂತ್ರದ ಉದ್ಘಾಟನೆಗೆ ಬಂದ ಅತಿಥಿಗಳ ಹಾರವೂ ಅದೇ ಮೊಳೆಗೆ.

ಹೆಬ್ಬೆರಳಿನ ತುದಿ ಕಳೆದುಕೊಂಡ ಆ ದಿನದ ವರದಿಯಲ್ಲಿ ಅವರು ಬರೆದದ್ದು "ನನ್ನದೇ ಅಜಾಗ್ರತೆ" ಎಂದು. ನಿಜ ಬರೆದಿದ್ದರೆ, ತರಗತಿಯ ಒಬ್ಬಳೇ ಹುಡುಗಿಯನ್ನು ಮನೆಗೆ ಅಟ್ಟಲು ಕಾದಿದ್ದವರಿಗೆ ನೆಪ ಸಿಕ್ಕುತ್ತಿತ್ತು. ಇವತ್ತು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಅವಳದೇ ಫರ್ನಿಚರ್ ಅಂಗಡಿಯಿದೆ. ಒಮ್ಮೆಯಾದರೂ ಗುರುಗಳಿಗೆ ತನ್ನ ಕೈಯಾರೆ ಶಾಲು ಹೊದಿಸಬೇಕೆಂಬುದು ಅವಳ ಬಹುಕಾಲದ ಹಂಬಲ. ಸನ್ಮಾನವೆಂದರೆ ಅವರು ಆನಗೋಡಿನ ತಂಗಿಯ ಮನೆಗೆ ಓಡುವವರು. ಎರಡು ಸಲ ಖಾಲಿ ಕುರ್ಚಿಯ ಮುಂದೆ ಅವಳು ಶಾಲು ಮಡಿಸಿಕೊಂಡು ಬಂದಿದ್ದಳು.

ಗುರುಗಳು ನೂರ್ಕಾಲ ಬಾಳಲಿ. ಮನೆಯ ಹಿತ್ತಿಲಿನಲ್ಲಿ ಹೂಡಲಿರುವ ಸಣ್ಣ ಬ್ಯಾಂಡ್‌ಸಾ ಅವರ ಕೈಯಲ್ಲಿ ಇನ್ನೂ ಸಾವಿರ ತೊಟ್ಟಿಲಿಗೆ ಕಮಾನು ಕೊಯ್ಯಲಿ. ಅವಳ ಹಾರೈಕೆಯೂ ಇದೇ, ಅವರ ಶಿಷ್ಯರೆಲ್ಲರದೂ ಇದೇ.

ನಿವೃತ್ತಿಯ ದಿನ ಅವರು ತೇಗದ ಕೊನೆಯ ಕಮಾನು ಕೊಯ್ದು ಸ್ವಿಚ್ ಆರಿಸಿದರು. ಸದ್ದಡಗಿತು. ನಸೀಮಾ ಶಾಲು ಬಿಡಿಸಿ ಹೆಜ್ಜೆಯಿಟ್ಟಳು. ಅವರು ತಿರುಗದೆಯೇ ಮೋಟು ಹೆಬ್ಬೆರಳಿನ ಕೈ ಎತ್ತಿದರು. ಅವಳು ನಿಂತಳು. ಮೇಲಿನ ಚಕ್ರ ಸುತ್ತಿತು, ನಿಧಾನವಾಯಿತು, ನಿಂತಿತು.

"ಈಗ ನಿಂತೈತ್ರಿ ಸರ್. ಹೊದಿಸ್ಲಾ?"

ಕಲ್ಲಪ್ಪನವರು ಬಾಗಿಲ ಬಳಿಯ ಮೊಳೆ ತೋರಿಸಿದರು.

"ಒಳಗ ಬ್ಯಾಡ."